ಅಪ್ಪನ ಮೈಯಲ್ಲಿ ಇನ್ನೊಬ್ಬ

"ಊಟ ಚೆನ್ನಾಗಿತ್ತು. ತೊಂದರೆ ತಗೊಂಡ್ರಿ," ಎಂದು ಶಿಗೆಹಾರು ಹೆಂಡತಿಗೆ ತಲೆ ಬಾಗಿಸಿದ. ತನ್ನ ಬಟ್ಟಲು, ತಟ್ಟೆಗಳನ್ನು ತಾನೇ ಎತ್ತಿಕೊಂಡು ಅಡುಗೆಮನೆಗೆ ಹೋದ. ನಲ್ಲಿ ಬಿಟ್ಟ ಸದ್ದು ಕೇಳಿಸಿತು.

ಅವನ ತಾಯಿ ತೊಮಿಗೆ ಎಂಬತ್ತು ದಾಟಿತ್ತು. ಮೂಲಂಗಿ ಉಪ್ಪಿನಕಾಯಿ ಅಗಿಯುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು.

"ಇವನು ನನ್ನ ಮಗ ಅಲ್ಲ."

"ಅತ್ತೆ, ಮೆಲ್ಲಗೆ. ಕೇಳಿಸುತ್ತೆ," ಎಂದಳು ಸೊಸೆ ನೊಬುಯೆ.

"ಕೇಳಿಸ್ಲಿ. ನನ್ನ ಮಗ ಆಗಿದ್ರೆ ಇಷ್ಟು ಹೊತ್ತಿಗೆ ಬಂದು 'ಏ ಮುದುಕಿ, ಬಾಯಿ ಮುಚ್ಚು' ಅಂತಿದ್ದ. ಎಲ್ಲಿ, ಅನ್ನಲಿ ನೋಡೋಣ."

ನಲ್ಲಿ ನಿಂತಿತು. ಶಿಗೆಹಾರು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದ.

"ಎಲ್ಲರಿಗೂ ಟೀ ಮಾಡ್ಲಾ? ಟೀ ಸೊಪ್ಪಿನ ಡಬ್ಬಿ ಎಲ್ಲಿದೆ ಅಂತ ಹೇಳಿದ್ರೆ ಸಾಕು."

"ಎಡಗಡೆ, ಮೇಲಿನ ಕಪಾಟು," ಎಂದಳು ನೊಬುಯೆ.

"ಥ್ಯಾಂಕ್ಸ್ ನೊಬುಯೆ ಅವರೇ."

ತೊಮಿ ಸೊಸೆಯ ಕಡೆ ನೋಡಿ ತುಟಿ ಸೊಟ್ಟ ಮಾಡಿದಳು. "ನೊಬುಯೆ ಅವರೇ! ಯಾವುದೋ ಬ್ಯಾಂಕಿನವನು ಮನೆಗೆ ಬಂದ ಹಾಗಿದೆ."

ಮೇಜಿನ ಇನ್ನೊಂದು ಬದಿಯಲ್ಲಿ ಚಳಿಗೆಂದು ಮೇಜಿಗೆ ಹೊದಿಸಿದ್ದ ರಜಾಯಿಯೊಳಗೆ ಕಾಲು ತೂರಿಸಿ ಕೂತಿದ್ದ ಮೊಮ್ಮಗಳು ಕನಾಯೆ ಅನ್ನದ ಬಟ್ಟಲಲ್ಲಿ ಅಂಟಿದ್ದ ಕೊನೆಯ ಅಗುಳುಗಳನ್ನು ಒಂದೊಂದಾಗಿ ಬಿಡಿಸಿ ತಿಂದಳು.

ಶಿಗೆಹಾರು ಟೈಲ್ಸ್ ಕೂರಿಸುವ ಮೇಸ್ತ್ರಿ. ಟೋಕಿಯೋದ ಅಂಚಿನ ಕಿಯೊಸೆಯಲ್ಲಿ ಅವನು ಟೈಲ್ಸ್ ಹಾಕದ ಸ್ನಾನದ ಮನೆ ಕಡಿಮೆ. ಶರದೃತುವಿನಲ್ಲಿ ಒಂದು ಹಳೆಯ ಸಾರ್ವಜನಿಕ ಸ್ನಾನಗೃಹದ ರಿಪೇರಿಗೆ ಹೋಗಿದ್ದಾಗ ಕುಕ್ಕರಗಾಲಲ್ಲಿ ಕೂತವನು ಹಾಗೆಯೇ ಪಕ್ಕಕ್ಕೆ ಉರುಳಿದ. ತಲೆಯಲ್ಲಿ ರಕ್ತಸ್ರಾವ. ಜೀವ ಉಳಿಯಿತು, ಕೈಕಾಲು ಉಳಿದವು, ಮಾತು ಸ್ವಲ್ಪ ನಿಧಾನವಾಯಿತು ಅಷ್ಟೆ. ಡಾಕ್ಟರು ಹೆಂಡತಿಯನ್ನು ಒಳಗೆ ಕರೆದು, "ಹಣೆ ಹಿಂದಿನ ಭಾಗಕ್ಕೆ ಪೆಟ್ಟಾಗಿದೆ. ಸ್ವಭಾವ ಬದಲಾಗುತ್ತೆ. ಎಷ್ಟೋ ಜನ ಸಿಡುಕರಾಗ್ತಾರೆ, ಕೈ ಎತ್ತುತ್ತಾರೆ. ನಿಮ್ಮವರದ್ದು ತಿರುವುಮುರುವಾಗಿದೆ. ಅದೃಷ್ಟ ಅಂದ್ಕೊಳ್ಳಿ," ಎಂದಿದ್ದರು.

ಅದೃಷ್ಟ ಎಂದೇ ಎಲ್ಲರೂ ಅಂದರು. ಮುಂಚಿನ ಶಿಗೆಹಾರು ಬೀದಿಯ ತುದಿಯಲ್ಲಿ ಬೈದರೆ ಈ ತುದಿಗೆ ಕೇಳಿಸುತ್ತಿತ್ತು. ಸಾರು ಆರಿದೆಯೆಂದು ಬಟ್ಟಲನ್ನು ಗೋಡೆಗೆ ಎಸೆಯುತ್ತಿದ್ದ. ಮಗಳು ಅನಿಮೆ ಕಾರ್ಟೂನುಗಳಿಗೆ ಕಂಠ ಕೊಡುವ ಕೆಲಸ ಹಿಡಿದಾಗ, "ಹುಡುಗರ ಗಂಟಲಲ್ಲಿ ಕಿರುಚೋದೂ ಒಂದು ಉದ್ಯೋಗನಾ?" ಎಂದು ಅವಳೊಂದಿಗೆ ಮಾತು ಬಿಟ್ಟಿದ್ದ. ಈಗಿನವನು ಸುಡುವ ಕಸ, ಸುಡದ ಕಸ ಬೇರೆ ಮಾಡಿ ಬೆಳಿಗ್ಗೆ ತಾನೇ ಹೊತ್ತು ಇಟ್ಟು ಬರುತ್ತಿದ್ದ. ಪಕ್ಕದ ಮನೆಯ ಹೆಂಗಸು ನೊಬುಯೆಯನ್ನು ನಿಲ್ಲಿಸಿ, "ನಮ್ಮವರೂ ಒಂದು ಸಲ ಬಿದ್ದು ಎದ್ರೆ ಚೆನ್ನಾಗಿತ್ತು ನೋಡಿ," ಎಂದು ನಕ್ಕಿದ್ದಳು. ನೊಬುಯೆಯೂ ನಕ್ಕಿದ್ದಳು.

ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಕನಾಯೆ ತನ್ನ ಬಾಡಿಗೆ ಕೋಣೆ ಬಿಟ್ಟು ಮನೆಗೆ ಬಂದಿದ್ದಳು. ಅಮ್ಮ ಸೂಪರ್‌ಮಾರ್ಕೆಟ್ಟಿನ ತಿಂಡಿ ವಿಭಾಗದಲ್ಲಿ ಕರಿಯುವ ಕೆಲಸಕ್ಕೆ ಹೋಗುವಳು. ಹಗಲಲ್ಲಿ ಅಪ್ಪನನ್ನೂ ಅಜ್ಜಿಯನ್ನೂ ಇಬ್ಬರನ್ನೇ ಬಿಡುವಂತಿರಲಿಲ್ಲ. ಕನಾಯೆಯ ಕೆಲಸ ವಾರಕ್ಕೆ ಒಂದೆರಡು ದಿನ. ಶುಕ್ರವಾರ ಸಂಜೆ ಬರುವ ಧಾರಾವಾಹಿಯಲ್ಲಿ ಇಸಾಗೊ ಎಂಬ ದೋಣಿ ಹುಡುಗನಿಗೆ ಅವಳ ಕಂಠ. ಇಸಾಗೊ ಒರಟ, ಬಾಯಿಬಡುಕ, ಅನ್ಯಾಯ ಕಂಡರೆ ಮೈಮೇಲೆ ಬೀಳುವವನು. ಮಕ್ಕಳಿಗೆ ಅವನೆಂದರೆ ಪ್ರಾಣ.

ಚಳಿ ಬಲಿತ ಮೇಲೆ ಹೊಸ ಕಂತಿನ ಸಂಭಾಷಣೆ ಕೈಗೆ ಬಂತು. ಕನಾಯೆ ಅಡುಗೆಮನೆಯಲ್ಲಿ ಅಮ್ಮನ ಜೊತೆ ಎಲೆಕೋಸು ಹೆಚ್ಚುತ್ತ ಕತೆ ಹೇಳಿದಳು.

"ಇಸಾಗೊ ನೀರಲ್ಲಿ ಮುಳುಗಿ ಪ್ರಜ್ಞೆ ತಪ್ತಾನೆ. ಆಗ ಯಾರೋ ಸತ್ತವನ ಆತ್ಮ ಅವನ ಮೈಯೊಳಗೆ ಸೇರ್ಕೊಳ್ಳುತ್ತೆ. ಎದ್ದ ಮೇಲೆ ಅವನು ಅವನಲ್ಲ. ಎಲ್ಲರ ಹತ್ರ ನಯವಾಗಿ ಮಾತಾಡ್ತಾನೆ, ದೋಣಿ ತೊಳೀತಾನೆ. ಎಲ್ಲರಿಗೂ ಖುಷಿ. ಒಬ್ಬ ಮುದುಕಿಗೆ ಮಾತ್ರ ಗೊತ್ತಾಗುತ್ತೆ."

ಅಮ್ಮನ ಚಾಕು ನಿಲ್ಲಲಿಲ್ಲ. "ಆಮೇಲೆ?"

"ಉಪ್ಪು ಎರಚಿ ಓಡಿಸ್ತಾರೆ. ಇಸಾಗೊ ವಾಪಸ್ ಬರ್ತಾನೆ."

"ಬರಲೇಬೇಕಾ?"

"ಮಕ್ಕಳ ಕಾರ್ಟೂನು ಅಮ್ಮ."

"ಹೌದು ಬಿಡು," ಎಂದಳು ನೊಬುಯೆ. ಹೆಚ್ಚಿದ ಕೋಸನ್ನು ತಣ್ಣೀರಿಗೆ ಹಾಕಿ ಕೈ ಒದರಿದಳು. ನಂತರ ಮಗಳ ಕಡೆ ನೋಡದೆ ಹೇಳಿದಳು: "ಅವರು ಬೀಳೋಕೆ ಮುಂಚೆ ಸ್ಟೇಷನ್ ಹಿಂದೆ ಒಂದು ಕೋಣೆ ನೋಡಿದ್ದೆ. ಎರಡನೇ ಮಹಡಿ, ಬಿಸಿಲು ಬರುತ್ತೆ. ಹೊಸ ವರ್ಷ ಕಳೆದ ಮೇಲೆ ಹೊರಟುಬಿಡೋದು ಅಂತ ಮಾಡಿದ್ದೆ."

"ಬಿಟ್ಟು ಹೋಗೋದಾ?"

"ಹ್ಞೂಂ. ನೀನು ಮದುವೆ ಆಗ್ಲಿ ಅಂತ ಕಾದೆ. ನೀನು ಆಗೋ ಹಾಗೆ ಕಾಣ್ಲಿಲ್ಲ."

"ನನ್ನ ಮೇಲೆ ಹಾಕ್ಬೇಡಮ್ಮ."

"ಹಾಕ್ತಿಲ್ಲ. ಇದ್ದದ್ದು ಹೇಳಿದೆ."

"ಈಗ?"

"ಈಗ ಏನು? ಕೆಟ್ಟವನನ್ನ ಬಿಟ್ಟು ಹೋದ್ರೆ ಜನ 'ಪಾಪ' ಅಂತಾರೆ. ಒಳ್ಳೆಯವನನ್ನ ಬಿಟ್ಟು ಹೋದ್ರೆ? ಎಣ್ಣೆ ಕಾದಿದೆ ನೋಡು, ಉರಿ ಸಣ್ಣ ಮಾಡು."

ಧ್ವನಿಮುದ್ರಣದ ದಿನ ಕನಾಯೆ ಇಸಾಗೊನ ಮೈಸೇರಿದ ಆತ್ಮದ ಕಂಠವನ್ನು ಖಳನ ಹಾಗೆ ತಗ್ಗಿಸಿ, ತುಸು ಭಯ ಹುಟ್ಟುವ ಹಾಗೆ ಮಾತಾಡಿದಳು. ಧ್ವನಿ ನಿರ್ದೇಶಕ ಗಾಜಿನ ಆಚೆಯಿಂದ ತಡೆದ. ಮೊಕುದಾಯ್ ಎಂದು ಅವನ ಹೆಸರು. ವಯಸ್ಸಾದವನು, ಮಾತು ಕಡಿಮೆ.

"ಅವನು ದೆವ್ವ ಅಲ್ಲ ಕನಾಯೆ ಅವರೇ. ಯಾರದೋ ಮನೆಗೆ ಬಂದಿದ್ದಾನೆ. ತಟ್ಟೆ ಎಲ್ಲಿಡ್ತಾರೆ ಗೊತ್ತಿಲ್ಲ. ಯಾರಿಗೂ ಭಾರ ಆಗ್ಬಾರ್ದು ಅಂತಿದ್ದಾನೆ. ಹಾಗೆ ಮಾಡಿ."

ಕನಾಯೆ "ಈ ಹುಟ್ಟು ಎಲ್ಲಿ ಇಡ್ಬೇಕು ಅಂತ ಹೇಳಿದ್ರೆ ಸಾಕು, ನಾನೇ ಇಡ್ತೀನಿ," ಎಂಬ ಮಾತನ್ನು ಅಪ್ಪನ ಹಾಗೆ ಆಡಿದಳು. ನಿಧಾನವಾಗಿ, ಒಂದೊಂದು ಶಬ್ದವನ್ನೂ ಒರೆಸಿ ಇಟ್ಟ ಹಾಗೆ. ಪಕ್ಕದಲ್ಲಿ ನಿಂತಿದ್ದ ಸಹನಟಿ ತನ್ನ ಸಾಲು ಹೇಳುವುದನ್ನೇ ಮರೆತಳು.

"ಅದೇ," ಎಂದ ಮೊಕುದಾಯ್. "ಎಲ್ಲಿ ಸಿಕ್ತು?"

"ಮನೇಲಿ."

ಎಲ್ಲರೂ ಹೊಗಳಿದರು. ಬರುವಾಗ ರೈಲಿನಲ್ಲಿ ಕನಾಯೆ ನಿಲ್ದಾಣ ಬಂದದ್ದು ತಿಳಿಯದೆ ಮುಂದಿನ ನಿಲ್ದಾಣದಲ್ಲಿ ಇಳಿದು, ತಿರುಗಿ ನಡೆದುಕೊಂಡು ಮನೆಗೆ ಬಂದಳು.

ಈ ನಡುವೆ ತೊಮಿ ಮಗನನ್ನು ಕೆರಳಿಸುವ ಕೆಲಸಕ್ಕೆ ಇಳಿದಿದ್ದಳು. ಅವನ ಟೀಗೆ ಉಪ್ಪು ಹಾಕಿದಳು. ಅವನು ಒಂದು ಗುಟುಕು ಕುಡಿದು, "ಇದು ಔಷಧಿನಾ ಅಮ್ಮ?" ಎಂದು ಕೇಳಿ ಪೂರ್ತಿ ಕುಡಿದ. ಅವನ ಟೈಲ್ಸ್ ಉಳಿ, ಕರಣೆಗಳನ್ನು ಹಿತ್ತಲ ಮಳೆಗೆ ಇಟ್ಟಳು. ತುಕ್ಕು ಹಿಡಿದವುಗಳನ್ನು ಅವನು ನೋಡಿ, "ಯಾರದು ಇವು? ಒಳಗೆ ಇಡೋಣ," ಎಂದ.

"ನಿಮ್ಮಪ್ಪನಿಗೆ ನಿನ್ನ ಕಂಡ್ರೆ ಆಗ್ತಿರ್ಲಿಲ್ಲ. ಕೈಗೆ ಬಾರದ ಮಗ ಅಂತಿದ್ದ," ಎಂದಳು ಒಂದು ದಿನ, ಕೊನೆಯ ಅಸ್ತ್ರವಾಗಿ. ಈ ಮಾತಿಗೆ ಮುಂಚಿನ ಶಿಗೆಹಾರು ಜಾರುಬಾಗಿಲನ್ನು ಒದ್ದು ಮುರಿದಿದ್ದ.

"ಇರಬಹುದು. ಅವರಿಗೆ ಬೇಜಾರಾಗಿರಬೇಕು," ಎಂದ ಶಿಗೆಹಾರು.

ಮಾರನೆಯ ಬೆಳಿಗ್ಗೆ ನೊಬುಯೆ ಕೆಲಸಕ್ಕೆ ಹೊರಡುವಾಗ ತೀರಿಕೊಂಡ ಹಿರಿಯರ ಪೂಜೆಯ ಗೂಡಿನ ಮುಂದೆ ಧೂಪದ ಕಡ್ಡಿ ಉರಿಯುತ್ತಿತ್ತು. ತೊಮಿ ಗಂಡನ ಫೋಟೋ ಪಕ್ಕದಲ್ಲಿ ಇನ್ನೊಂದು ಫೋಟೋ ಇಟ್ಟಿದ್ದಳು. ತಲೆಗೆ ಟವೆಲು ಕಟ್ಟಿ, ಹುಬ್ಬು ಗಂಟಿಕ್ಕಿ ನಿಂತ ಶಿಗೆಹಾರು. ಅದರ ಮುಂದೆ ಒಂದು ಪುಟ್ಟ ಬಟ್ಟಲು ಅನ್ನ. ಬದುಕಿದ್ದ ಶಿಗೆಹಾರು ತಾಯಿಯ ಪಕ್ಕದಲ್ಲೇ ಮಂಡಿಯೂರಿ ಕೂತಿದ್ದ.

"ಇವತ್ತು ಯಾರಿಗೆ?" ಎಂದು ಕೇಳುತ್ತಿದ್ದ.

"ನನ್ನ ಮಗನಿಗೆ."

"ಹಾಗಾದ್ರೆ ನಾನೂ ಕೈಮುಗೀತೀನಿ," ಎಂದು ಕಣ್ಣು ಮುಚ್ಚಿ ಕೈಮುಗಿದ.

ನೊಬುಯೆ ಕಾಲಿಗೆ ಹಾಕಿದ ಚಪ್ಪಲಿ ಕಳಚಿ ಒಳಗೆ ಬಂದಳು. "ಅತ್ತೆ! ಬದುಕಿರೋರ ಫೋಟೋ ಮುಂದೆ ಧೂಪ ಹಚ್ತಾರಾ? ಬುದ್ಧಿ ಇದೆಯಾ ನಿಮಗೆ?"

"ನಿನಗೇನಮ್ಮ, ನಿನಗೆ ಹಬ್ಬ. ಕೂಗೋನು ಹೋದ, ಪಾತ್ರೆ ತೊಳೆಯೋನು ಬಂದ."

"ಹೌದು, ಹಬ್ಬಾನೇ. ಮದುವೆಯಾಗಿ ಬಂದಾಗಿನಿಂದ ಮೊದಲ್ನೇ ಸಲ ಸಾರು ಬಿಸಿಯಿದೆಯಾ ಅಂತ ಮುಟ್ಟಿ ನೋಡ್ದೆ ಬಡಿಸ್ತಿದ್ದೀನಿ. ತಪ್ಪಾ?"

"ತಪ್ಪು ಅಂದ್ನಾ? ನಿನ್ನ ಗಂಡ ಹೋದ ಅಂತ ನೀನು ನಗು. ನನ್ನ ಮಗ ಹೋದ ಅಂತ ನಾನು ಅಳ್ತೀನಿ. ಒಂದೇ ಮನೇಲಿ ಎರಡೂ ಆಗ್ಲಿ."

ಆದರೆ ತೊಮಿ ಅಳುತ್ತಿರಲಿಲ್ಲ. ನೊಬುಯೆ ನಗುತ್ತಲೂ ಇರಲಿಲ್ಲ. ಶಿಗೆಹಾರು ಇಬ್ಬರ ಮುಖವನ್ನೂ ನೋಡಿ, "ಬಸ್ಸು ತಪ್ಪುತ್ತೆ ನೊಬುಯೆ ಅವರೇ," ಎಂದ.

ಆ ಕಂತು ಪ್ರಸಾರವಾದ ಶುಕ್ರವಾರ ನೊಬುಯೆ ಅಂಗಡಿಯಲ್ಲಿ ಉಳಿದಿದ್ದ ಆಲೂ ತುಂಬಿ ಕರಿದ ಕೊರೊಕ್ಕೆಗಳನ್ನು ತಂದಿದ್ದಳು. ಮಿಸೊ ಸಾರು, ಕೋಸು, ಅನ್ನ. ನಾಲ್ವರೂ ಮೇಜಿನ ಸುತ್ತ ಕೂತರು. ಟಿವಿ ಹಚ್ಚಿದ್ದು ಶಿಗೆಹಾರು. ಈಚೆಗೆ ಅವನು ಮಗಳ ಒಂದು ಕಂತನ್ನೂ ತಪ್ಪಿಸುತ್ತಿರಲಿಲ್ಲ.

ಪರದೆಯ ಮೇಲೆ ಇಸಾಗೊ ಮುಳುಗಿದ, ಎದ್ದ, ದೋಣಿ ತೊಳೆದ. ಅವನು ಬಾಯಿ ತೆರೆದಾಗ ನೊಬುಯೆ ಕೊರೊಕ್ಕೆ ಕಚ್ಚುತ್ತಿದ್ದವಳು ಮಗಳ ಕಡೆ ತಿರುಗಿದಳು. ಕನಾಯೆ ತಲೆ ಎತ್ತಲಿಲ್ಲ. ಅಜ್ಜಿ ಚಾಪ್‌ಸ್ಟಿಕ್ಕುಗಳನ್ನು ಜೋಡಿಸಿ ಕೆಳಗಿಟ್ಟಳು. ಕೊನೆಗೆ ದೋಣಿಯ ಮುದುಕಿ ಹಿಡಿ ಉಪ್ಪು ಎರಚಿದಳು. ಒಂದು ಬೆಳ್ಳನೆ ಹೊಗೆ ಹುಡುಗನ ಬಾಯಿಂದ ಹೊರಟು ನದಿಯ ಮೇಲೆ ಕರಗಿತು. ಇಸಾಗೊ ಕಣ್ಣು ಬಿಟ್ಟು ಎಲ್ಲರಿಗೂ ಬೈದ. ಎಲ್ಲರೂ ಅವನನ್ನು ತಬ್ಬಿಕೊಂಡು ಕುಣಿದರು. ಹಾಡು ಬಂತು.

"ಆ ಇನ್ನೊಬ್ಬ ಎಲ್ಲಿಗೆ ಹೋದ?" ಎಂದು ಶಿಗೆಹಾರು ಕೇಳಿದ.

"ಅದು ಕತೇಲಿಲ್ಲ ಅಪ್ಪ."

"ಯಾರೂ ಕೇಳಲಿಲ್ವಾ?"

"ಇಲ್ಲ."

ಅವನು ತಲೆಯಾಡಿಸಿದ. "ಚೆನ್ನಾಗಿ ಮಾಡಿದ್ದೀರಿ ಕನಾಯೆ ಅವರೇ. ಅದು ನನ್ನ ಮಾತಿನ ಹಾಗಿತ್ತು. ಅಲ್ವಾ?"

ಯಾರೂ ಉತ್ತರ ಕೊಡುವ ಮೊದಲೇ ಗೋಡೆಗೆ ಏನೋ ಬಡಿದು ಒಡೆಯಿತು. ನೊಬುಯೆ ತನ್ನ ಸಾರಿನ ಬಟ್ಟಲನ್ನು ಎಸೆದಿದ್ದಳು. ಮಿಸೊ ಸಾರು ಗೋಡೆಯಿಂದ ಇಳಿದು ಚಾಪೆಗೆ ಹರಿಯಿತು. ತೊಫುವಿನ ಒಂದು ತುಂಡು ಗೋಡೆಗೆ ಅಂಟಿ ನಿಂತಿತ್ತು. ಶಿಗೆಹಾರು ಎದ್ದು ಒರೆಸುವ ಬಟ್ಟೆ ತಂದ.

"ಕ್ಷಮಿಸಿ," ಎಂದ ಒರೆಸುತ್ತ.

"ನೀವು ಕ್ಷಮೆ ಕೇಳ್ಬೇಡಿ! ಕೇಳಬೇಕಾದವನು ಕೇಳ್ದೆ ಹೋಗ್ಬಿಟ್ಟ. ನೀವು ಯಾರು ಕೇಳೋಕೆ?"

ಶಿಗೆಹಾರು ಒರೆಸುವುದನ್ನು ನಿಲ್ಲಿಸಿದ. "ಅವನು ಏನು ಮಾಡಿದ? ಹೇಳಿ, ಕೇಳ್ತೀನಿ."

"ಅಮ್ಮ, ಬೇಡ," ಎಂದಳು ಕನಾಯೆ.

"ಯಾಕೆ ಬೇಡ? ಕೇಳ್ತಿದ್ದಾರಲ್ಲ." ನೊಬುಯೆಯ ಧ್ವನಿ ಏರಲಿಲ್ಲ. ಸಾಮಾನಿನ ಬೆಲೆ ಹೇಳುವವಳ ಹಾಗೆ ಹೇಳಿದಳು. "ಒಂದು ಸಲಾನೂ ನನ್ನ ಹೆಸರು ಹಿಡಿದು ಕರೀಲಿಲ್ಲ. ಏಯ್, ಅಷ್ಟೆ. ಇವಳು ಟಿವಿಲಿ ಮೊದಲ್ನೇ ಸಲ ಮಾತಾಡಿದ ದಿನ ಟಿವಿ ಎತ್ತಿ ಹಿತ್ತಲಿಗೆ ಎಸೆದ. ನಮ್ಮಪ್ಪ ತೀರಿಕೊಂಡ ದಿನ ನನ್ನನ್ನ ಕಳಿಸಲಿಲ್ಲ. ವರ್ಷದ ಕೊನೆ, ಮನೇಲಿ ಮೇಸ್ತ್ರಿಗಳ ಕೂಟ ಇತ್ತು. ಮೀನು ಹೆಚ್ಚೋರು ಯಾರು ಅಂದ. ನಾನು ಹೋಗೋ ಹೊತ್ತಿಗೆ ಅಸ್ಥಿ ಆಯ್ದು ಮುಗಿದಿತ್ತು. ನಮ್ಮಪ್ಪನ ಒಂದು ಚೂರು ಎಲುಬು ಎತ್ತೋಕೂ ನನಗೆ ಸಿಗಲಿಲ್ಲ."

ಶಿಗೆಹಾರು ಬಟ್ಟೆ ಹಿಡಿದು ಕೂತಲ್ಲೇ ಬಾಗಿಲ ಕಡೆ ತಿರುಗಿ ನೋಡಿದ.

"ಮೀನು ನೆನಪಿದೆ," ಎಂದ.

ನೊಬುಯೆ ತಲೆ ಎತ್ತಿದಳು.

"ದೊಡ್ಡ ಬುರಿ ಮೀನು. ಬಾಲ ಮೇಜಿನಿಂದ ಆಚೆ ಬಂದಿತ್ತು. ನೀವು ಇಲ್ಲಿ, ಈ ಬಾಗಿಲ ಹತ್ರ ಕೂತು ಹೆಚ್ಚಿದ್ರಿ. ತೋಳು ಮಡಿಚಿದ್ರಿ. ಮೀನು ತುಂಬಾ ಚೆನ್ನಾಗಿತ್ತು. ಎಲ್ಲರೂ ಹೊಗಳಿದ್ರು." ಅವನು ಹುಬ್ಬು ಗಂಟಿಕ್ಕಿದ. "ನಿಮ್ಮ ತಂದೆ ತೀರಿಕೊಂಡಿದ್ದು ಮಾತ್ರ ನೆನಪಿಗೆ ಬರ್ತಿಲ್ಲ. ಆವತ್ತೇನಾ ಅದು?"

ನೊಬುಯೆ ಅವನ ಮುಖವನ್ನು ನೋಡಿದಳು. ಹಣೆಯ ಗಾಯದ ಗುರುತು, ದಪ್ಪ ಮೂಗು, ಸಿಮೆಂಟಿನಿಂದ ಸವೆದ ಬೆರಳುಗಳು, ಎಲ್ಲವನ್ನೂ ಒಂದೊಂದಾಗಿ ನೋಡಿದಳು.

"ಅಂದ್ರೆ ಅದು ನೀನೇ," ಎಂದಳು. ಆ ಮನೆಯಲ್ಲಿ ಅವನನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ತೊಮಿ ಮೇಜು ಹಿಡಿದುಕೊಂಡು ಮೆಲ್ಲಗೆ ಎದ್ದಳು. ಹಿರಿಯರ ಗೂಡಿನ ಹತ್ತಿರ ಹೋಗಿ ಮಗನ ಫೋಟೋ ತೆಗೆದು, ಏಪ್ರನ್ನಿನ ತುದಿಯಿಂದ ಧೂಪದ ಬೂದಿ ಒರೆಸಿ, ಅಲಮಾರಿಯ ಡ್ರಾಯರಿನಲ್ಲಿ ಇಟ್ಟಳು.

ನೊಬುಯೆ ಹೋಗುವುದು ನಿಶ್ಚಯವಾಯಿತು. ಸ್ಟೇಷನ್ ಹಿಂದಿನ ಕೋಣೆ ಬೇರೆಯವರಿಗೆ ಹೋಗಿತ್ತು. ಅದೇ ಕಟ್ಟಡದಲ್ಲಿ ಕೆಳಗೆ, ಬಿಸಿಲು ಬಾರದ ಕೋಣೆಯೊಂದು ಸಿಕ್ಕಿತು. ಶಿಗೆಹಾರುವಿನ ತಂಗಿ ಫೋನ್ ಮಾಡಿ, "ಅಣ್ಣ ಹುಲಿಯಾಗಿದ್ದಾಗ ಇದ್ದೋರು, ಹಸು ಆದ ಮೇಲೆ ಹೋಗ್ತೀರಲ್ಲ ಅತ್ತಿಗೆ, ಎಂಥಾ ಕಲ್ಲು ಮನಸ್ಸು ನಿಮ್ಮದು," ಎಂದಳು.

"ಹುಲಿ ಆಗಿದ್ದಾಗ ಹೋಗೋಕೆ ಭಯ ಇತ್ತಮ್ಮ," ಎಂದು ನೊಬುಯೆ ಫೋನ್ ಇಟ್ಟಳು.

ಕನಾಯೆ ಒಂದು ಸಲ ಕೇಳಿದಳು: "ಅಮ್ಮ, ಈಗ ಅವರು ಏನೂ ಮಾಡಲ್ವಲ್ಲ?"

"ಮಾಡಲ್ಲ."

"ಮತ್ತೆ?"

"ಬೇರೆಯವನು ಅಂದ್ಕೊಂಡು ಇದ್ದೆ. ಬೇರೆಯವನ ಜೊತೆ ಇರಬಹುದಿತ್ತು."

ಆ ವಾರದ ಧ್ವನಿಮುದ್ರಣದಲ್ಲಿ ಇಸಾಗೊ ತನ್ನ ಹಳೆಯ ಗಂಟಲಲ್ಲಿ ಕೂಗಾಡುವ ದೃಶ್ಯವಿತ್ತು. ಕನಾಯೆ ಒಂದೇ ಸಲಕ್ಕೆ ಮುಗಿಸಿದಳು. ಮೊಕುದಾಯ್ ಮುಂದಿನ ಪುಟ ತಿರುಗಿಸಿದ.

ಹೊರಡುವ ದಿನ ಭಾನುವಾರ. ನೊಬುಯೆಯ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದವನು ಶಿಗೆಹಾರು. ಒಂದೂ ಅಲುಗಾಡದ ಹಾಗೆ ಸಂದು ಸಂದಿಗೂ ಪೇಪರು ತುರುಕಿದ. ಟೈಲ್ಸ್ ಕೂರಿಸಿದ ಕೈ ಅದನ್ನು ಮರೆತಿರಲಿಲ್ಲ. ತೊಮಿ ಗೋಡೆಗೆ ಒರಗಿ ನೋಡುತ್ತ ಕೂತಿದ್ದಳು. ನೊಬುಯೆ ಕೋಟು ಹಾಕಿಕೊಂಡಾಗ ತನ್ನ ಉಪ್ಪಿನಕಾಯಿ ಭರಣಿಯಿಂದ, ಮೂಲಂಗಿ ಹುದುಗಿಸುವ ತವುಡನ್ನು ಒಂದು ಡಬ್ಬಿಗೆ ತುಂಬಿ ಮುಂದೆ ಇಟ್ಟಳು.

"ದಿನಾ ಕೈಯಾಡಿಸ್ಬೇಕು. ಇಲ್ದಿದ್ರೆ ಕೆಡುತ್ತೆ."

"ಗೊತ್ತು ಅತ್ತೆ."

"ಗೊತ್ತಿರುತ್ತೆ. ಆದ್ರೂ ಹೇಳಿದೆ."

ಬಾಡಿಗೆ ಗಾಡಿ ಬಂತು. ಕನಾಯೆ ಪೆಟ್ಟಿಗೆಗಳನ್ನು ಹೊರಗೆ ಸಾಗಿಸಿ ಡ್ರೈವರ್ ಪಕ್ಕ ಕೂತಳು. ಅಮ್ಮನನ್ನು ಬಿಟ್ಟು ಸಂಜೆಗೆ ಮರಳುವವಳಿದ್ದಳು. ನೊಬುಯೆ ಹೊಸ್ತಿಲ ಕೆಳಗೆ ಬೂಟು ಹಾಕಿಕೊಂಡು, ಡಬ್ಬಿಯನ್ನು ಎದೆಗೆ ಹಿಡಿದು ನಿಂತಳು. ಮೂವತ್ತು ವರ್ಷಕ್ಕೂ ಮಿಕ್ಕಿ, ಕಸ ಹಾಕಲು ಹೋದರೂ, ಅಂಗಡಿಗೆ ಹೋದರೂ ಅವಳು ಅಲ್ಲಿ ನಿಂತು ಒಂದೇ ಮಾತು ಹೇಳುತ್ತಿದ್ದಳು. ಈಗ ಬಾಯಿ ತೆರೆದು, ಮುಚ್ಚಿ, ಕೊನೆಗೆ ಹೇಳಿದಳು:

"ಹೋಗ್ತೀನಿ."

"ಹೋಗಿ ಬನ್ನಿ," ಎಂದು ಶಿಗೆಹಾರು ಮಂಡಿಯೂರಿ ತಲೆ ಬಾಗಿಸಿದ.

ಗಾಡಿಯ ಸದ್ದು ಬೀದಿಯ ತಿರುವಿನವರೆಗೆ ಕೇಳಿಸಿ ನಿಂತಿತು. ತೆರೆದ ಬಾಗಿಲಿನಿಂದ ತಣ್ಣನೆಯ ಗಾಳಿ ಒಳಗೆ ನುಗ್ಗಿ ಮಿಕ್ಕ ಪೇಪರುಗಳನ್ನು ಚಾಪೆಯ ಮೇಲೆ ಸರಿಸುತ್ತಿತ್ತು. ಶಿಗೆಹಾರು ಅಲ್ಲೇ ಕೂತಿದ್ದ.

"ಅವರು 'ಹೋಗಿ ಬರ್ತೀನಿ' ಅನ್ನಲಿಲ್ಲ ಅಮ್ಮ."

"ಅನ್ನಲಿಲ್ಲ."

"ನಾನು 'ಹೋಗಿ ಬನ್ನಿ' ಅಂದದ್ದು ತಪ್ಪಾಯ್ತಾ?"

ತೊಮಿ ಅವನ ಬೆನ್ನಿನ ಕಡೆ ನೋಡಿದಳು.

"ಬಾಗಿಲು ಹಾಕೋ ಶಿಗೆ," ಎಂದಳು, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ. "ಚಳಿ ಬರ್ತಿದೆ."